ಗೌರವ ಪ್ರತಿ ಮತ್ತು ವಯಸ್ಸಿನ ಚೀಟಿ

ಕಳೆದ ಜೂನ್ ತಿಂಗಳ ಒಂದು ಶನಿವಾರ ಧಾರವಾಡದಿಂದ ಊರಿಗೆ ಹೋದಾಗ, ನನ್ನ ಹೆಸರಿಗೆ ಬಂದಿದ್ದ ಪುಸ್ತಕದ ಕಟ್ಟನ್ನು ಆಗಲೇ ಯಾರೋ ಬಿಚ್ಚಿದ್ದರು. ಒಳಗೆ ಒಂದೇ ಮಕ್ಕಳ ಕಾದಂಬರಿಯ ಎರಡು ಪ್ರತಿ, ಜೊತೆಗೆ ಸಣ್ಣ ಪ್ರಕಾಶಕರೊಬ್ಬರ ಕೈಬರಹದ ಚೀಟಿ: ಓದಿ, ಸಾಧ್ಯವಾದರೆ ನಾಲ್ಕು ಮಾತು ಬರೆಯಿರಿ ಎಂದು. ಒಂದು ಪ್ರತಿ ಕಪಾಟಿನ ಮೇಲೆ ಹಾಗೇ ಇತ್ತು. ಇನ್ನೊಂದರ ನಡುವೆ ಹಳೆಯ ಬಸ್ ಟಿಕೆಟ್ ಸಿಕ್ಕಿಸಿತ್ತು. ಬಿಚ್ಚಿದವಳು ನನ್ನ ಅಣ್ಣನ ಮಗಳು. ಆರನೇ ತರಗತಿ. ನವಲಗುಂದ ತಾಲ್ಲೂಕಿನ ನಮ್ಮ ಊರಿನಲ್ಲಿ ಪಠ್ಯಪುಸ್ತಕ ಬಿಟ್ಟು ಬೇರೆ ಪುಸ್ತಕ ಸಿಕ್ಕರೆ ಹೊಟ್ಟೆಗೆ ಕಟ್ಟಿಕೊಂಡು ಓಡಾಡುವ ಇಬ್ಬರು ಮೂವರು ಹುಡುಗಿಯರಲ್ಲಿ ಅವಳೂ ಒಬ್ಬಳು.

"ಅತ್ತಿ, ಇದರ ಮ್ಯಾಲೆ ಹನ್ನೆರಡರಿಂದ ಹದಿನಾರು ಅಂತ ಬರದಾರ. ನನಗಿನ್ನೂ ಹನ್ನೊಂದು. ಓದಿದ್ರ ಏನರ ಆಗತೈತೇನು?"

ಗುಳಿಗೆಯ ಚೀಟಿ ತೋರಿಸಿ ಕೇಳುವ ಹಾಗೆ ಕೇಳಿದಳು. ಏನೂ ಆಗೂದಿಲ್ಲ ಅಂದೆ. "ಮತ್ತ ಯಾಕ ಬರದಾರ?" ಅಂದಳು. ಸಾಹಿತ್ಯ ವಿಮರ್ಶೆಯಲ್ಲಿ ಪಿಎಚ್.ಡಿ. ಮಾಡುತ್ತಿರುವ ಅತ್ತಿಯ ಹತ್ತಿರ ಆ ಎರಡನೇ ಪ್ರಶ್ನೆಗೆ ಉತ್ತರ ಇರಲಿಲ್ಲ.

ಅವತ್ತು ರಾತ್ರಿ ಪುಸ್ತಕವನ್ನು ಕೈಗೆತ್ತಿಕೊಂಡವಳು ಮೊದಲು ನೋಡಿದ್ದು ಮುಖಪುಟದ ಹಿಂದಿನ ವಿವರಗಳ ಪುಟವನ್ನು. ಕನ್ನಡ ಪುಸ್ತಕದ ಈ ಪುಟ ಒಂದು ವಿಚಿತ್ರ ದಾಖಲೆ. ಮೊದಲ ಮುದ್ರಣದ ವರ್ಷ, ಪುಟಗಳ ಸಂಖ್ಯೆ, ಬೆಲೆ, ಎಷ್ಟು ಪ್ರತಿ, ಹಕ್ಕು ಯಾರದು, ಅಕ್ಷರ ಜೋಡಣೆ ಯಾರದು ಎಲ್ಲ ಇರುತ್ತದೆ. ಬಳಸಿದ ಕಾಗದ 70 ಜಿ.ಎಸ್.ಎಂ. ಮ್ಯಾಪ್‌ಲಿಥೋ, ಆಕಾರ ಡೆಮಿ 1/8 ಎಂಬುದೂ ಇರುತ್ತದೆ. ಕಾಗದದ ತೂಕ ತಿಳಿದುಕೊಂಡು ಓದುಗನಿಗೆ ಆಗಬೇಕಾದ್ದೇನು ಎಂದು ಬಿ.ಎ. ಓದುವಾಗ ನಗುತ್ತಿದ್ದೆವು. ಆಮೇಲೆ ತಿಳಿಯಿತು, ಅದು ಓದುಗನಿಗೆ ಬರೆದದ್ದಲ್ಲ. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಪುಸ್ತಕ ಒಪ್ಪಿಸುವಾಗ ಬೆಲೆಗೂ ಕಾಗದಕ್ಕೂ ಪುಟಕ್ಕೂ ಲೆಕ್ಕ ಹೊಂದಬೇಕು. ಆ ಲೆಕ್ಕ ನೋಡುವ ಅಧಿಕಾರಿಗೆ ಬರೆದದ್ದು ಅದು. ಕನ್ನಡ ಪುಸ್ತಕದ ಮೊದಲ ಓದುಗ ಖರೀದಿ ಸಮಿತಿ. ಮುಖಪುಟದ ಮೂಲೆಯಲ್ಲಿರುವ 12-16 ಎಂಬ ಅಂಕಿಯೂ ಇದೇ ಜಾತಿಯದಿರಬಹುದೇ ಎಂಬ ಅನುಮಾನ ನನಗೆ ಹುಟ್ಟಿದ್ದು ಅಲ್ಲಿ.

ಪುಸ್ತಕದ ಎರಡನೇ ಓದುಗ ವಿಮರ್ಶಕ, ಅಂದರೆ ಗೌರವ ಪ್ರತಿ ಪಡೆಯುವವನು. "ವಿಮರ್ಶೆಗೆ ಎರಡು ಪ್ರತಿ ಕಳಿಸಿ" ಎಂಬ ವಾಕ್ಯ ನಮ್ಮ ಪತ್ರಿಕೆಗಳಲ್ಲಿ ತಲೆಮಾರುಗಳಿಂದ ಅಚ್ಚಾಗುತ್ತಿದೆ. ಒಂದು ಪ್ರತಿ ಕಚೇರಿಗೆ, ಒಂದು ಬರೆಯುವವರಿಗೆ. ಬರೆಯುವವರು ಸಿಗದಿದ್ದರೆ ಪುಸ್ತಕದ ಹೆಸರು "ಸಾದರ ಸ್ವೀಕಾರ" ಎಂಬ ಅಂಕಣಕ್ಕೆ ಹೋಗುತ್ತದೆ: ಕೃತಿ, ಕರ್ತೃ, ಪುಟ, ಬೆಲೆ, ಪ್ರಕಾಶಕರ ವಿಳಾಸ. ಎಷ್ಟೋ ಮಕ್ಕಳ ಪುಸ್ತಕಗಳ ಇಡೀ ವಿಮರ್ಶಾ ಚರಿತ್ರೆ ಆ ಒಂದೂವರೆ ಸಾಲಿನಲ್ಲಿ ಮುಗಿದಿದೆ. ನವೆಂಬರ್ 14ರ ಹಿಂದುಮುಂದಿನ ಸಂಚಿಕೆಗಳಲ್ಲಿ ಮಾತ್ರ ಅವಕ್ಕೆ ಕಾಲು ಪುಟ ಸಿಗುತ್ತದೆ. ಆಗಲೂ ಬರುವ ಮಾತುಗಳು ಗೊತ್ತಿದ್ದವೇ: ಸರಳ ಭಾಷೆ, ಅಂದವಾದ ಚಿತ್ರಗಳು, ಮಕ್ಕಳ ಮನಸ್ಸನ್ನು ಅರಳಿಸುವ ನೀತಿ, ಪೋಷಕರು ಕೊಂಡು ಕೊಡಬೇಕಾದ ಕೃತಿ. ನಾನೂ ಇಂಥವು ನಾಲ್ಕೈದು ಬರೆದಿದ್ದೇನೆ. ಬರೆಯುವಾಗ ನನ್ನ ಸುತ್ತ ಒಂದು ಮಗುವೂ ಇರಲಿಲ್ಲ. ಹಾಸ್ಟೆಲ್ ಕೋಣೆಯಲ್ಲಿ ಒಬ್ಬಳೇ ಇದ್ದೆ.

ಈ ಪ್ರತಿಗಳು ಕೊನೆಗೆ ಎಲ್ಲಿ ಹೋಗುತ್ತವೆ? ಧಾರವಾಡದ ಹಳೇ ಪುಸ್ತಕದ ಗಾಡಿಗಳಲ್ಲಿ ನಾನು ಕೊಂಡ ಮಕ್ಕಳ ಪುಸ್ತಕಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಮೇಲೆ "ಗೌರವ ಪ್ರತಿ" ಎಂಬ ಮುದ್ರೆಯಿದೆ. ಕೆಲವದರಲ್ಲಿ ಲೇಖಕರ ಹಸ್ತಾಕ್ಷರ, "ಪ್ರೀತಿಯಿಂದ" ಎಂಬ ಮಾತು. ಪುಟಗಳು ಗರಿಗರಿ. ಮಗುವಿನ ಕೈ ತಾಗಿದ ಪುಸ್ತಕ ಹಾಗಿರುವುದಿಲ್ಲ ಎಂದು ಮಕ್ಕಳಿರುವ ಮನೆಯವರಿಗೆ ಹೇಳಬೇಕಿಲ್ಲ. ಕಳಿಸುವವರ ಕಷ್ಟವೂ ಕಡಿಮೆಯದಲ್ಲ. 2024ರ ಡಿಸೆಂಬರಿನಲ್ಲಿ ಅಂಚೆ ಇಲಾಖೆ ಅಗ್ಗದ ಪುಸ್ತಕ ಅಂಚೆಯ ಸೇವೆಯನ್ನು ನಿಲ್ಲಿಸಿದ ಮೇಲೆ, ತೆಳ್ಳಗಿನ ಮಕ್ಕಳ ಪುಸ್ತಕವೊಂದನ್ನು ಕಳಿಸುವ ಖರ್ಚು ಅದರ ಮುಖಬೆಲೆಯನ್ನು ಅಣಕಿಸುವ ಹಾಗಾಗಿತ್ತು. ಹೀಗಾಗಿ ಸಣ್ಣ ಪ್ರಕಾಶಕರು ಪಟ್ಟಿಯನ್ನು ಕಿರಿದು ಮಾಡುತ್ತಾರೆ. ಉಳಿಯುವ ಹೆಸರುಗಳು ಬೆಂಗಳೂರು, ಮೈಸೂರು, ಧಾರವಾಡದ ಪ್ರಾಧ್ಯಾಪಕರವು, ಪುರವಣಿ ಸಂಪಾದಕರವು. ಕುಂದಗೋಳದ, ಅಣ್ಣಿಗೇರಿಯ ಕನ್ನಡ ಶಾಲೆಯ ಮಾಸ್ತರರ ಹೆಸರು ಅಂಥ ಪಟ್ಟಿಯಲ್ಲಿ ನಾನು ಕಂಡಿಲ್ಲ. ಅಂದಹಾಗೆ ಅಣ್ಣಿಗೇರಿ ಪಂಪನ ತಾಯಿಯ ತವರು. ಅಷ್ಟು ಹಳೆಯ ಓದಿನ ಊರಿಗೆ ಹೊಸ ಪುಸ್ತಕ ಬರಬೇಕಾದರೆ ಇಂದಿಗೂ ಹುಬ್ಬಳ್ಳಿಗೆ ಹೋದವರು ಯಾರಾದರೂ ತರಬೇಕು.

ಈ ಭಾಗದಲ್ಲಿ ಯಾವಾಗಲೂ ಹೀಗಿತ್ತೆಂದಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಶುರು ಮಾಡಿದ ಮನೋಹರ ಗ್ರಂಥಮಾಲೆ ನಡೆದದ್ದು ಚಂದಾದಾರರ ಮೇಲೆ. ವರ್ಷದ ಚಂದಾ ಕೊಟ್ಟವರ ಮನೆಗೆ ಪುಸ್ತಕ ಹೋಗುತ್ತಿತ್ತು. ಈ ಎರಡೂ ವ್ಯವಸ್ಥೆಗಳಲ್ಲಿ ಪುಸ್ತಕಕ್ಕೂ ಮನೆಗೂ ನಡುವೆ ವಿಮರ್ಶಕನೂ ಇರಲಿಲ್ಲ, ಸಮಿತಿಯೂ ಇರಲಿಲ್ಲ. ಮನೆಗೆ ಬಂದ ಪುಸ್ತಕವನ್ನು ಯಾರು ಓದಬೇಕೆಂದು ಮನೆಯೇ ತೀರ್ಮಾನಿಸುತ್ತಿತ್ತು. ಬಹಳ ಸಲ ಅದೂ ತೀರ್ಮಾನಿಸುತ್ತಿರಲಿಲ್ಲ. ನಮ್ಮ ಹಿಂದಿನ ತಲೆಮಾರಿನ ಲೇಖಕರ ಆತ್ಮಕಥನ ತೆರೆದರೆ, ಅಟ್ಟದ ಮೇಲೆ ಕೂತು ದೊಡ್ಡವರ ಕಾದಂಬರಿ ಓದಿದ ಬಾಲ್ಯ ಒಂದಿಲ್ಲೊಂದು ಪುಟದಲ್ಲಿ ಸಿಗುತ್ತದೆ.

ಇನ್ನು ವಯಸ್ಸಿನ ಮಾತು. ಪಂಜೆ ಮಂಗೇಶರಾಯರು, ರಾಜರತ್ನಂ, "ಬಾಲಪ್ರಪಂಚ"ದ ಕಾರಂತರು ಬರೆಯುವ ಕಾಲಕ್ಕೆ "ಬಾಲ", "ಮಕ್ಕಳ" ಎಂಬ ಒಂದು ಶಬ್ದ ಸಾಕಿತ್ತು. ಅದಕ್ಕೆ ಅಂಕಿ ಇರಲಿಲ್ಲ. ಆ ಶಬ್ದ ಕೂಡ ಒಳಗಿನ ಕತೆಯನ್ನು ಮೆದು ಮಾಡಿರಲಿಲ್ಲ. ಪುಣ್ಯಕೋಟಿಯ ಕತೆಯನ್ನೇ ನೋಡಿ. ತಾಯಿ ತನ್ನ ಕರುವಿನ ಬಳಿ ಬಂದು ಹುಲಿಗೆ ಆಹಾರವಾಗಲು ಹೋಗುತ್ತಿದ್ದೇನೆ ಎನ್ನುತ್ತಾಳೆ. ನಾಳೆಯಿಂದ ಯಾರ ಮೊಲೆ ಕುಡಿಯಬೇಕೆಂದು ಕರು ಕೇಳುತ್ತದೆ. ಕೊನೆಗೆ ಹುಲಿ ಪ್ರಾಣ ಬಿಡುತ್ತದೆ. ಅನಾಥತನ, ಕೊಟ್ಟ ಮಾತಿಗೆ ಬಿದ್ದ ಸಾವಿನ ನೆರಳು, ಆತ್ಮಹತ್ಯೆ ಮೂರೂ ಇರುವ ಈ ಹಾಡನ್ನು ನಾವೆಲ್ಲ ಎಂಟು ಒಂಬತ್ತರ ವಯಸ್ಸಿನಲ್ಲಿ ಸಾಲಾಗಿ ನಿಂತು ಹಾಡಿದ್ದೇವೆ. ಕುವೆಂಪು ಅವರು ಬ್ರೌನಿಂಗ್‌ನ ಕವಿತೆಯನ್ನು ಕನ್ನಡದ ನೆಲಕ್ಕೆ ತಂದ "ಬೊಮ್ಮನಹಳ್ಳಿಯ ಕಿಂದರಿಜೋಗಿ"ಯಲ್ಲಿ ಊರಿನ ಮಕ್ಕಳು ಬೆಟ್ಟದೊಳಗೆ ಮಾಯವಾಗುತ್ತಾರೆ. ಇಂದು ಇವು ಹೊಸದಾಗಿ ಬರೆದು ಯಾವುದಾದರೂ ಸಮಿತಿಯ ಮುಂದೆ ಬಂದಿದ್ದರೆ ಮೇಲೆ ಯಾವ ಅಂಕಿ ಬೀಳುತ್ತಿತ್ತು ಎಂದು ಒಮ್ಮೊಮ್ಮೆ ಯೋಚಿಸುತ್ತೇನೆ.

ಅಂಕಿ ಬಂದದ್ದು ಈಚೆಗೆ, ಹಲವು ದಾರಿಗಳಿಂದ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಅದರ ಲೆಕ್ಕದಲ್ಲಿ ಬಾಲ ಸಾಹಿತ್ಯದ ಓದುಗರು 9ರಿಂದ 16ರವರು. (ಯುವ ಪುರಸ್ಕಾರಕ್ಕೆ ಬರೆಯುವವರ ವಯಸ್ಸಿಗೇ 35ರ ಮಿತಿಯಿದೆ. ನನ್ನ ಹಾಗೆ ಪ್ರಬಂಧ ಮುಗಿಸುವಷ್ಟರಲ್ಲೇ ಮೂವತ್ತಾಗುವವರಿಗೆ ಅದು ಬೇರೆಯೇ ಚಿಂತೆ.) ಕನ್ನಡಕ್ಕೆ ಬಂದ ಮೊದಲ ಬಾಲ ಪುರಸ್ಕಾರ ಬೊಳುವಾರು ಮಹಮದ್ ಕುಂಞಿ ಅವರ "ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ"ಗೆ. ಅದನ್ನು ಓದಿ ಇನ್ನೊಬ್ಬರ ಕೈಗೆ ದಾಟಿಸಿದ ದೊಡ್ಡವರನ್ನು ನಾನು ಮಕ್ಕಳಿಗಿಂತ ಹೆಚ್ಚು ಕಂಡಿದ್ದೇನೆ. 2021ರಲ್ಲಿ ಧಾರವಾಡದ ಬಸು ಬೇವಿನಗಿಡದ ಅವರ "ಓಡಿ ಹೋದ ಹುಡುಗ" ಪುರಸ್ಕಾರ ಪಡೆಯಿತು. ಮನೆ ಬಿಟ್ಟು ಓಡುವುದನ್ನು ಹೆಸರಿನಲ್ಲೇ ಇಟ್ಟುಕೊಂಡ ಮಕ್ಕಳ ಕಾದಂಬರಿ ಅದು. ಮಕ್ಕಳ ಪುಸ್ತಕ ಅಂದರೆ ಹಿತವಚನ ಎಂದು ತಿಳಿದವರು ಆ ಹೆಸರನ್ನೇ ಒಪ್ಪುತ್ತಿರಲಿಲ್ಲ.

ಇನ್ನೊಂದು ದಾರಿ ಪ್ರಥಮ್ ಬುಕ್ಸ್‌ನದು. ಅವರ ಪುಸ್ತಕಗಳ ಮೇಲೆ ವಯಸ್ಸಿಲ್ಲ, ಹಂತವಿದೆ: ಒಂದರಿಂದ ನಾಲ್ಕು. ಸುಮಾರು 250 ಪದಗಳೊಳಗಿನ, ಮತ್ತೆ ಮತ್ತೆ ಬರುವ ಸುಲಭ ಪದಗಳ ಕತೆ ಮೊದಲ ಹಂತ. 1500 ಪದ ದಾಟಿದ್ದು ನಾಲ್ಕನೆಯದು. ಇದು ನನಗೆ ಪ್ರಾಮಾಣಿಕ ಅನ್ನಿಸುತ್ತದೆ. ವಾಕ್ಯ ಎಷ್ಟು ಉದ್ದ, ಒತ್ತಕ್ಷರ ಎಷ್ಟು, ಪುಟಕ್ಕೆ ಪದ ಎಷ್ಟು ಎಂಬುದನ್ನು ಎಣಿಸಬಹುದು. ಎಣಿಸಿದ್ದನ್ನು ಹೇಳಿದರೆ ಓದಿಸುವ ಮಾಸ್ತರರಿಗೆ ಉಪಕಾರ. ಮಗು ಎಷ್ಟು ದುಃಖ ತಡೆದೀತು ಎಂಬುದನ್ನು ಹಾಗೆ ಎಣಿಸಲಾಗದು. 12-16 ಎಂಬ ಅಂಕಿ ಈ ಎರಡನ್ನೂ ಕಲಸಿಬಿಡುತ್ತದೆ. ಭಾಷೆ ಕಠಿಣವೆಂದು ಹನ್ನೆರಡೋ, ವಸ್ತು ಕಠಿಣವೆಂದು ಹನ್ನೆರಡೋ? ಅದನ್ನು ಹೇಳುವುದಿಲ್ಲ. ಸಿನಿಮಾಕ್ಕಾದರೆ ಒಂದು ಮಂಡಳಿಯಾದರೂ ಇದೆ. 2024ರ ನವೆಂಬರಿನಿಂದ ಅದು ಯು/ಎ ಪ್ರಮಾಣಪತ್ರವನ್ನು 7, 13, 16 ಎಂದು ಒಡೆದಿದೆ, ಯಾರು ನೋಡಿ ಕೊಟ್ಟರೆಂದು ಕೇಳಲು ಒಂದು ವಿಳಾಸವಿದೆ. ಪುಸ್ತಕದ ಮೇಲಿನ ಅಂಕಿಗೆ ವಿಳಾಸವಿಲ್ಲ. ಮುಖಪುಟ ವಿನ್ಯಾಸ ಮಾಡುವ ಗೆಳೆಯನೊಬ್ಬನನ್ನು ಈ ಬಗ್ಗೆ ಕೇಳಿದೆ. "ಆ ಮೂಲಿ ಖಾಲಿ ಕಾಣಾಕತ್ತಿತ್ತು, ಏನರ ಹಾಕು ಅಂದ್ರು" ಅಂದ. ಎಲ್ಲರೂ ಹೀಗೆಂದು ನಾನು ಹೇಳುತ್ತಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ಅಂಕಿ ಕಂಡಾಗಲೆಲ್ಲ ನನಗೆ ಆ ಖಾಲಿ ಮೂಲೆ ನೆನಪಾಗುತ್ತದೆ.

2008ರಲ್ಲಿ ಬ್ರಿಟನ್ನಿನ ಪ್ರಕಾಶಕರು ಎಲ್ಲ ಮಕ್ಕಳ ಪುಸ್ತಕಗಳ ಮೇಲೂ ವಯಸ್ಸಿನ ಅಂಕಿ ಅಚ್ಚು ಹಾಕಲು ಹೊರಟಾಗ ಫಿಲಿಪ್ ಪುಲ್‌ಮನ್ ಮುಂದಾಗಿ ಅಲ್ಲಿನ ಲೇಖಕರು ದೊಡ್ಡ ಸಂಖ್ಯೆಯಲ್ಲಿ ವಿರೋಧಿಸಿದರು. ಪ್ರಕಾಶಕರ ವಾದ, ಮೊಮ್ಮಕ್ಕಳಿಗೆ ಉಡುಗೊರೆ ಕೊಳ್ಳುವ ಅಜ್ಜ ಅಜ್ಜಿಯರಿಗೆ ದಾರಿ ತೋರಿಸಬೇಕೆಂಬುದು. ಲೇಖಕರ ವಾದಗಳಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಒಂದು: ಓದಿನಲ್ಲಿ ಹಿಂದುಳಿದ ಮಗುವಿಗೆ ತನಗಿಂತ ಚಿಕ್ಕ ಅಂಕಿಯ ಪುಸ್ತಕ ಹಿಡಿದು ಗೆಳೆಯರ ಎದುರು ಓಡಾಡಲು ನಾಚಿಕೆ. ಅಜ್ಜ ಅಜ್ಜಿಯರ ಉಡುಗೊರೆಯ ಪ್ರಶ್ನೆ ನಮ್ಮ ಹಳ್ಳಿಗಳಲ್ಲಿ ಏಳುವುದೇ ಇಲ್ಲ. ನಮ್ಮಲ್ಲಿ ಮಕ್ಕಳ ಪುಸ್ತಕ ಕೊಳ್ಳುವ ದೊಡ್ಡ ಗಿರಾಕಿ ಸರ್ಕಾರ. ಆದರೆ ಆ ನಾಚಿಕೆ ನಮ್ಮಲ್ಲಿ ಇನ್ನೂ ಹೆಚ್ಚು. ಐದನೇ ತರಗತಿಯಲ್ಲಿದ್ದೂ ಎರಡನೇ ತರಗತಿಯ ಪಠ್ಯ ಓದಲಾಗದ ಮಕ್ಕಳು ಎಷ್ಟಿದ್ದಾರೆಂದು ಅಸರ್ ವರದಿಗಳು 2005ರಿಂದ ಹೇಳುತ್ತಲೇ ಬಂದಿವೆ. ಹದಿನಾಲ್ಕರ ಹುಡುಗನೊಬ್ಬ ಈಗಷ್ಟೇ ಕೂಡಿಸಿ ಓದಲು ಕಲಿತಿದ್ದಾನೆ. ಅವನ ಓದಿಗೆ ಹೊಂದುವ ಪುಸ್ತಕದ ಮೇಲೆ 6-8 ಎಂದಿದ್ದರೆ ಅವನು ಅದನ್ನು ಮುಟ್ಟುವುದಿಲ್ಲ. ಒಳಗಿನ ಮಾತೂ ಅವನಿಗೆ ಹಿಡಿಸುವುದಿಲ್ಲ, ಏಕೆಂದರೆ ಅವನು ಹತ್ತಿ ಬಿಡಿಸಲು ಹೋಗಿ ಕೂಲಿ ತಂದವನು. ಮೊಲಮರಿಯ ಹುಟ್ಟುಹಬ್ಬ ಅವನಿಗೆ ಬೇಕಿಲ್ಲ. ಬದುಕಿನಲ್ಲಿ ದೊಡ್ಡವನು, ಅಕ್ಷರದಲ್ಲಿ ಚಿಕ್ಕವನು. ಅಂಥವನಿಗೆ ಬರೆದ ಪುಸ್ತಕ ಕನ್ನಡದಲ್ಲಿ ತೀರ ಅಪರೂಪ. ಆ ಕೊರತೆ ಕಣ್ಣಿಗೆ ಬೀಳದಂತೆ ಮುಚ್ಚುವುದರಲ್ಲಿ ಅಂಕಿಯ ಪಾಲೂ ಇದೆ.

ಮತ್ತೆ ಆ ಕಾದಂಬರಿಗೆ ಬರುತ್ತೇನೆ. ಒಣಬೇಸಾಯದ ಒಂದು ಕುಟುಂಬ, ಸಾಲ, ಎತ್ತು ಮಾರುವುದು, ಅಪ್ಪ ಒಂದು ಮುಂಜಾನೆ ಹೊಲದಿಂದ ಮರಳದೆ ಇರುವುದು, ಆಮೇಲೆ ಹುಡುಗ ಶಾಲೆಗೆ ಹೋಗುವುದೋ ಬಿಡುವುದೋ ಎಂಬ ಹೊಯ್ದಾಟ. ಓದುತ್ತ ನಾನು ವಿಮರ್ಶಕಳ ಪೆನ್ಸಿಲ್ಲಿನಿಂದ ಅಪ್ಪನ ಸಾವಿನ ಅಧ್ಯಾಯದ ಪಕ್ಕ ಗೆರೆ ಎಳೆದಿದ್ದೆ. ಲೇಖಕರು ಸಾವನ್ನು ಹೇಗೆ ತೋರಿಸದೆ ತೋರಿಸಿದ್ದಾರೆ, ಮಕ್ಕಳಿಗೆ ಇದು ಭಾರವೇ, ಇತ್ಯಾದಿ. 12 ಎಂಬ ಅಂಕಿ ಬಿದ್ದದ್ದು ಇದಕ್ಕೇ ಇರಬೇಕು ಎಂದುಕೊಂಡೆ. ಬೆಳಿಗ್ಗೆ ಅವಳ ಪ್ರತಿ ನೋಡಿದರೆ ಬಸ್ ಟಿಕೆಟ್ ಇದ್ದದ್ದು ಅದಕ್ಕೂ ಮೂವತ್ತು ಪುಟ ಹಿಂದೆ, ಎತ್ತು ಮಾರುವ ಅಧ್ಯಾಯದಲ್ಲಿ. ಪುಸ್ತಕ ಪೂರ್ತಿ ಮುಗಿಸಿದ ಮೇಲೂ ಟಿಕೆಟ್ ಅಲ್ಲೇ ಯಾಕೆ ಎಂದು ಕೇಳಿದೆ.

"ಅಲ್ಲಿ ಎತ್ತು ತಿರಿಗಿ ನೋಡತೈತಿ ಅತ್ತಿ. ನಮ್ಮ ಬಸ್ಯಾ ನೋಡಿತ್ತಲ್ಲ, ಹಂಗ."

ಹಿಂದಿನ ವರ್ಷ ಮಳೆ ಕೈಕೊಟ್ಟಾಗ ನಮ್ಮ ಮನೆಯಲ್ಲೂ ಎತ್ತು ಮಾರಿದ್ದೆವು. ಬಸ್ಯಾ ಅವುಗಳಲ್ಲೊಂದು. ಅವತ್ತು ನಾನು ಊರಿನಲ್ಲಿರಲಿಲ್ಲ. ಅಪ್ಪನ ಸಾವಿನ ಅಧ್ಯಾಯ ಹೇಗನ್ನಿಸಿತು ಎಂದು ಕೇಳಿದ್ದಕ್ಕೆ, "ಅದು ಕತಿ" ಅಂದಳು. ಎತ್ತು ಮಾರಿದ್ದು ಅವಳಿಗೆ ಕತೆಯಾಗಿರಲಿಲ್ಲ. ನನಗೂ, ಅಂಕಿ ಹಾಕಿದವರಿಗೂ ಪುಸ್ತಕದ ನೋವು ಎಲ್ಲಿದೆ ಎಂಬುದು ಗೊತ್ತೇ ಆಗಿರಲಿಲ್ಲ. ಲೇಖಕರಿಗೆ ಗೊತ್ತಿತ್ತು, ಎತ್ತು ತಿರುಗಿ ನೋಡುವುದಕ್ಕೆ ಅವರು ಒಂದು ಪುಟ ಕೊಟ್ಟಿದ್ದಾರೆ, ಸಾವಿಗೆ ಎರಡೇ ಸಾಲು. ಕೃತಿಯ ಕಟ್ಟು ಅರ್ಥವಾದದ್ದು ನನಗೆ ಅವಳ ಬಸ್ ಟಿಕೆಟ್ಟಿನಿಂದ. ಒಬ್ಬಳೇ ಓದಿದ್ದರೆ ನನ್ನ ವಿಮರ್ಶೆ ತಪ್ಪು ಅಧ್ಯಾಯದ ಮೇಲೆ ನಿಲ್ಲುತ್ತಿತ್ತು.

ಇದೇ ಮಾತು ಇನ್ನೊಂದು ದಿಕ್ಕಿನಿಂದಲೂ ನಿಜ. "ಕರ್ವಾಲೊ"ವನ್ನು ನಾನು ಓದಿದ್ದು ಏಳನೇ ತರಗತಿಯ ಬೇಸಿಗೆ ರಜೆಯಲ್ಲಿ, ಹಾರುವ ಓತಿಗಾಗಿ. ಮಂದಣ್ಣ ಕಳ್ಳಭಟ್ಟಿಯ ಗಲಾಟೆಯಲ್ಲಿ ಸಿಕ್ಕಿಬೀಳುವುದು ನನಗೆ ಆಗ ತಮಾಷೆಯ ಭಾಗ. 1980ರಲ್ಲಿ ಬಂದ ಆ ಕಾದಂಬರಿಯ ಮೇಲೆ ತೇಜಸ್ವಿ ಯಾರಿಗಾಗಿ ಎಂದು ಬರೆಯಲಿಲ್ಲ. ಬರೆದಿದ್ದರೆ, ಕಾಲ ಮತ್ತು ವಿಕಾಸದ ಬಗ್ಗೆ ನನ್ನ ಪ್ರಾಧ್ಯಾಪಕರು ಎಂ.ಎ. ತರಗತಿಯಲ್ಲಿ ಕೊಟ್ಟ ವ್ಯಾಖ್ಯಾನವನ್ನೂ, ಓತಿಯ ಬೆನ್ನಟ್ಟಿದ ನನ್ನ ಬೇಸಿಗೆಯನ್ನೂ ಆ ಅಂಕಿ ಒಟ್ಟಿಗೆ ಹಿಡಿಯುತ್ತಿರಲಿಲ್ಲ. ಯಾವುದೋ ಒಂದು ಹೊರಗುಳಿಯುತ್ತಿತ್ತು.

ಇಷ್ಟೆಲ್ಲ ಹೇಳಿ, ನನ್ನದೇ ಒಂದು ಸಾಲಿನ ಬಗ್ಗೆ ಹೇಳದೆ ಹೋದರೆ ತಪ್ಪಾಗುತ್ತದೆ. ನಾಲ್ಕು ವರ್ಷದ ಹಿಂದೆ, ವಿಮರ್ಶೆ ಬರೆಯಲು ಶುರು ಮಾಡಿದ ಹೊಸದರಲ್ಲಿ, ಒಂದು ಪತ್ರಿಕೆಯ ಪುರವಣಿಗೆ ಮಕ್ಕಳ ಕಥಾಸಂಕಲನವೊಂದನ್ನು ಪರಿಚಯಿಸಿದ್ದೆ. ಅದರಲ್ಲೊಂದು ಕತೆಯ ಹುಡುಗಿ ಹೊಲದಲ್ಲಿ ಮೊದಲ ಸಲ ಮುಟ್ಟಾಗುತ್ತಾಳೆ, ತನಗೇನೋ ಗಾಯವಾಗಿದೆ ಎಂದು ತಿಳಿದು ಬಾವಿಯ ಹತ್ತಿರ ಒಬ್ಬಳೇ ಅಳುತ್ತ ಕೂರುತ್ತಾಳೆ. ಒಳ್ಳೆಯ ಕತೆ. ನನ್ನ ಪರಿಚಯದ ಕೊನೆಯ ಸಾಲು ಹೀಗಿತ್ತು: ಕೆಲವು ಕತೆಗಳ ವಸ್ತುವಿನ ದೃಷ್ಟಿಯಿಂದ ಕೃತಿಯನ್ನು 14 ವರ್ಷ ಮೇಲ್ಪಟ್ಟವರಿಗೆ ಶಿಫಾರಸು ಮಾಡಬಹುದು. ಸಂಪಾದಕರು ಅದನ್ನು ಕೇಳಿರಲಿಲ್ಲ. ಪ್ರಕಾಶಕರೂ ಎಲ್ಲೂ ಅಂಕಿ ಹಾಕಿರಲಿಲ್ಲ. ಹೊಸ ವಿಮರ್ಶಕಿ ಜವಾಬ್ದಾರಿಯುತಳಾಗಿ ಕಾಣಬೇಕಲ್ಲ, ಅದಕ್ಕೆ ಬರೆದೆ. ನಾನು ದೊಡ್ಡಾಕಿ ಆದದ್ದು ಹನ್ನೆರಡಕ್ಕೆ, ಹತ್ತಿ ಹೊಲದಲ್ಲಿ. ಅವತ್ತು ಯಾರೂ ಏನೂ ಹೇಳಿರಲಿಲ್ಲ. ಅದನ್ನು ಬರೆಯುವಾಗ ಇದು ನೆನಪಿಗೇ ಬರಲಿಲ್ಲ ಎಂಬುದು ಈಗ ನನಗೆ ಆ ಸಾಲಿಗಿಂತ ಹೆಚ್ಚು ಗಾಬರಿಯ ವಿಷಯ.

ಕಳೆದ ವರ್ಷ ಸಂಶೋಧನೆಯ ಕೆಲಸಕ್ಕೆ ಕಲಘಟಗಿ ತಾಲ್ಲೂಕಿನ ಒಂದು ಗ್ರಾಮ ಪಂಚಾಯತಿ ಗ್ರಂಥಾಲಯಕ್ಕೆ ಹೋಗಿದ್ದೆ. ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರ ನವೆಂಬರಿನಲ್ಲಿ ಶುರುವಾದ "ಓದುವ ಬೆಳಕು" ಕಾರ್ಯಕ್ರಮದಲ್ಲಿ 6ರಿಂದ 18ರ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ನಾನು ಹೋದ ಗ್ರಂಥಾಲಯವೂ ಅಚ್ಚುಕಟ್ಟಾಗಿತ್ತು. ಗೋಡೆಗೆ ಬಣ್ಣ, ನೆಲಕ್ಕೆ ಜಮಖಾನ, ಸಂಜೆ ನಾಲ್ಕೂವರೆಗೆ ಬಂದು ಕೂತ ಹತ್ತು ಹನ್ನೆರಡು ಹುಡುಗಿಯರು. ಆ ಕಥಾಸಂಕಲನ ಅಲ್ಲಿತ್ತು. ಮಕ್ಕಳ ಕಪಾಟಿನಲ್ಲಲ್ಲ, ದೊಡ್ಡವರ ಕಪಾಟಿನ ಮೇಲಿನ ಸಾಲಿನಲ್ಲಿ. ಒಳರಕ್ಷಾಪುಟಕ್ಕೆ ಪತ್ರಿಕೆಯ ಕತ್ತರಿಕೆಯೊಂದನ್ನು ಅಂಟಿಸಿದ್ದರು. ನನ್ನ ಪರಿಚಯ. ಕೊನೆಯ ಸಾಲಿಗೆ ಕೆಂಪು ಗೆರೆ. ಹಿಂದಿನ ಪುಟದ ತಾರೀಖಿನ ಚೀಟಿಯಲ್ಲಿ ಒಂದು ಮುದ್ರೆಯೂ ಇರಲಿಲ್ಲ.

ಬರೆದವಳು ನಾನೇ ಎಂದು ಹೇಳಿ, ಇದನ್ನು ಕೆಳಗಿಡಬಹುದಲ್ಲ ಎಂದು ಮೇಲ್ವಿಚಾರಕರನ್ನು ಕೇಳಿದೆ. "ನೀವ ಬರದೀರಲ್ರಿ ಮೇಡಂ" ಅಂದರು, ಆಶ್ಚರ್ಯದಿಂದ. ಆಮೇಲೆ ಅವರು ಹೇಳಿದ ಮಾತನ್ನು ನಾನು ತಳ್ಳಿಹಾಕಲಾರೆ. "ನನ್ನ ಕಡೆ ಇಷ್ಟು ಪುಸ್ತಕ ಅದಾವು. ಎಲ್ಲಾ ಓದಾಕ ಆಗೂದಿಲ್ಲ. ನಾಳೆ ಯಾರದರ ಅಪ್ಪ ಬಂದು ನನ್ನ ಮಗಳಿಗೆ ಎಂಥಾ ಪುಸ್ತಕ ಕೊಟ್ಟಿ ಅಂದ್ರ ನಾ ಏನ ತೋರಸ್ಲಿ? ಪೇಪರಿನ್ಯಾಗ ಬಂದದ್ದ ನನಗ ಆಧಾರ." ಕಡಿಮೆ ಸಂಬಳ, ಹತ್ತಾರು ಕೆಲಸ, ಊರಿನೊಳಗಿನ ಬದುಕು. ಅವರನ್ನು ಅಂಜುಬುರುಕ ಎನ್ನುವುದು ಧಾರವಾಡದಲ್ಲಿ ಕೂತವಳಿಗೆ ಸುಲಭ. ನನಗೆ ಅಲ್ಲಿ ಸ್ಪಷ್ಟವಾದದ್ದು, ಅಂಕಿ ಮಗುವಿಗೆ ಬರೆದದ್ದೇ ಅಲ್ಲ ಎಂಬುದು. ಕಾಗದದ ತೂಕದ ಹಾಗೆ ಇದೂ ಬಾಗಿಲು ಕಾಯುವವರಿಗೆ ಕೊಟ್ಟ ಕಾಗದ. ಅವರು ಕೆಟ್ಟವರೇನಲ್ಲ. ಆದರೆ ಆ ಕಾಗದ ಅವರ ಕೈಯಲ್ಲಿದ್ದರೆ ಪುಸ್ತಕ ಓದುವ ಅಗತ್ಯ ಅವರಿಗೆ ಉಳಿಯುವುದಿಲ್ಲ. ವಿಮರ್ಶಕಿಗೂ ಉಳಿಯುವುದಿಲ್ಲ, ನಾನು "14" ಎಂದು ಬರೆದು ಆ ಕತೆಯ ಬಗ್ಗೆ ಬರೆಯಬೇಕಾಗಿದ್ದ ಮೂರು ವಾಕ್ಯಗಳಿಂದ ಪಾರಾಗಿದ್ದೆ. ಒಂದು ಹುಡುಗಿಯ ಮೊದಲ ಮುಟ್ಟಿನ ಕತೆ ಇದರಲ್ಲಿದೆ, ಯಾರೂ ಹೇಳದ್ದರಿಂದ ಅವಳು ಹೆದರುತ್ತಾಳೆ, ಕೊನೆಗೆ ಅಜ್ಜಿ ಬಂದು ಹೇಳುತ್ತಾಳೆ ಎಂದು ಬರೆದಿದ್ದರೆ ಮೇಲ್ವಿಚಾರಕರಿಗೆ ತೋರಿಸಲು ಅದೂ ಆಧಾರವೇ ಆಗುತ್ತಿತ್ತು. ಯಾವ ಹುಡುಗಿಗೆ ಕೊಡಬೇಕೆಂದು ಅವರಿಗಲ್ಲದಿದ್ದರೂ ಅಂಗನವಾಡಿಯ ಅಕ್ಕನಿಗೆ ಗೊತ್ತಾಗುತ್ತಿತ್ತು. ಕೇಳಿದ ಅಪ್ಪನಿಗೂ ಒಂದು ಉತ್ತರ ಇರುತ್ತಿತ್ತು.

ಅವತ್ತು ಜಮಖಾನದ ಮೇಲೆ ಕೂತಿದ್ದ ಹುಡುಗಿಯರಲ್ಲಿ ಹೆಚ್ಚಿನವರು ಹನ್ನೊಂದು, ಹನ್ನೆರಡು, ಹದಿಮೂರರವರು.

ಮಕ್ಕಳ ಪುಸ್ತಕಗಳಿಗೆ ಪ್ರತ್ಯೇಕ ವಿಮರ್ಶಾ ಮಾನದಂಡ ಬೇಕೇ ಎಂಬ ಚರ್ಚೆ ನಮ್ಮ ಸೆಮಿನಾರುಗಳಲ್ಲಿ ಆಗಾಗ ನಡೆಯುತ್ತದೆ. ನನಗೆ ಈಗ ಅದಕ್ಕಿಂತ ಮೊದಲು ಕೇಳಬೇಕಾದ್ದು ಇನ್ನೊಂದು ಅನ್ನಿಸುತ್ತದೆ: ಆ ಎರಡು ಪ್ರತಿಗಳು ಎಲ್ಲಿಗೆ ಹೋಗಬೇಕು? ಒಂದು ವಿಮರ್ಶಕರಿಗೆ ಬರಲಿ, ನಮಗೂ ಪುಸ್ತಕ ಬೇಕು. ಇನ್ನೊಂದು ಕಚೇರಿಯ ಕಪಾಟಿಗೆ ಹೋಗಿ ಗಾಡಿಗೆ ಬೀಳುವ ಬದಲು, ಬರೆಯುವವರ ಊರಿನ ಶಾಲೆಗೋ ಗ್ರಂಥಾಲಯಕ್ಕೋ ಮೊದಲು ಹೋಗಲಿ. ಅಲ್ಲಿ ಅದು ಒಂದು ತಿಂಗಳಾದರೂ ಸವೆದ ಮೇಲೆ ಬರೆಯುವವರು ಬರೆಯಲಿ. ಹೊಸ ಪುಸ್ತಕದ ಬಿಸಿ ಆರುತ್ತದೆ ಎಂದು ಸಂಪಾದಕರು ಹೇಳಬಹುದು. ಮಕ್ಕಳ ಪುಸ್ತಕಕ್ಕೆ ಅಂಥ ಬಿಸಿ ಎಂದೂ ಇದ್ದಿಲ್ಲ. ಬಾಲವಿಕಾಸ ಅಕಾಡೆಮಿ ಧಾರವಾಡದಲ್ಲೇ ಇದೆ, "ಗುಬ್ಬಚ್ಚಿ ಗೂಡು" ಎಂಬ ಮಕ್ಕಳ ಮಾಸಪತ್ರಿಕೆ ಧಾರವಾಡದಿಂದಲೇ ಬಂದಿದೆ. ಮಕ್ಕಳ ಕೈಯಿಂದ ಬರೆಸುವ ಮಾಸ್ತರರೂ ಈ ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಮಗುವೇ ವಿಮರ್ಶೆ ಬರೆಯಲಿ ಎಂದು ನಾನು ಹೇಳುವುದಿಲ್ಲ. ಅದೂ ಒಂದು ಶೋಕಿಯಾಗಿಬಿಡುತ್ತದೆ, ಮಗು ದೊಡ್ಡವರ ಹಾಗೆ "ಸರಳ ಭಾಷೆ" ಎಂದೇ ಬರೆಯುತ್ತದೆ. ಅದು ಬಸ್ ಟಿಕೆಟ್ ಎಲ್ಲಿಟ್ಟಿದೆ ಎಂದು ನೋಡುವುದು ನಮ್ಮ ಕೆಲಸ.

ಹಳೆಯ ಪರಿಚಯ ಪತ್ರಿಕೆಯ ಅಂತರ್ಜಾಲ ಆವೃತ್ತಿಯಲ್ಲಿತ್ತು. ಆ ಕೊನೆಯ ಸಾಲನ್ನು ತೆಗೆಯಿರಿ ಎಂದು ಬರೆದು ಕೇಳಿಕೊಂಡೆ, ತೆಗೆದರು. ಅಂಟಿಸಿದ ಕತ್ತರಿಕೆ ಹಾಗೇ ಇದೆ. ಜೂನಿನಲ್ಲಿ ಬಂದ ಕಾದಂಬರಿಗೆ ಬರೆದ ವಿಮರ್ಶೆಯಲ್ಲಿ ವಯಸ್ಸಿನ ಮಾತೆತ್ತದೆ, ಎತ್ತಿನ ಅಧ್ಯಾಯದಿಂದಲೇ ಆರಂಭಿಸಿದೆ. ಅಪ್ಪ ಸಾಯುತ್ತಾನೆಂಬುದನ್ನೂ ಮುಚ್ಚಿಡದೆ ಬರೆದೆ. ಒಂದು ಪ್ರತಿ ಅಣ್ಣನ ಮಗಳ ಹತ್ತಿರ ಉಳಿಯಿತು, ಬಿಟ್ಟುಕೊಡಲಿಲ್ಲ. ಇನ್ನೊಂದನ್ನು ಕಲಘಟಗಿಯ ಆ ಗ್ರಂಥಾಲಯಕ್ಕೆ ಕಳಿಸಿದೆ.

ಹೋದ ವಾರ ಮೇಲ್ವಿಚಾರಕರ ಫೋನ್ ಬಂದಿತ್ತು. "ಮೇಡಂ, ನೀವು ಕಳಿಸಿದ ಪುಸ್ತಕ ಐದನೇತ್ತೆ ಹುಡುಗಿ ಒಬ್ಬಾಕಿ ಕೇಳಾಕತ್ತಾಳ. ಮ್ಯಾಲೆ ಹನ್ನೆರಡು ಅಂತ ಐತಿ. ಕೊಡ್ಲ್ಯೋ ಬ್ಯಾಡೋ?" ನೀವು ಓದೀರೇನ್ರಿ ಎಂದು ಕೇಳಿದೆ. ಅರ್ಧ ಆಗೇತ್ರಿ ಅಂದರು. ಹಂಗಾದ್ರ ಪೂರ್ತಿ ಓದಿ ಕೊಡ್ರಿ ಅಂದೆ.

"ಅಷ್ಟೊತ್ತನಕ ಅಕಿ ತಡಿಯಾಂಗಿಲ್ರಿ. ಇಲ್ಲೇ ನಿಂತಾಳ."